ಯಾವ ಬೀದರ್, ಯಾರ ಲೆಕ್ಕ?

1951ರ ಜನಗಣತಿಯಲ್ಲಿ ಒಂದು ಬೀದರ್ ಜಿಲ್ಲೆ ಇತ್ತು. 1961ರ ಜನಗಣತಿಯಲ್ಲೂ ಒಂದು ಬೀದರ್ ಜಿಲ್ಲೆ ಇತ್ತು. ಹೆಸರು ಒಂದೇ, ನೆಲ ಮಾತ್ರ ಬೇರೆ. ಮೊದಲನೆಯದರಲ್ಲಿ ಉದಗೀರ್, ನಿಲಂಗಾ, ಅಹಮದಪುರ, ಜಹೀರಾಬಾದ್, ನಾರಾಯಣಖೇಡ್ ಎಲ್ಲವೂ ಸೇರಿದ್ದವು. ಎರಡನೆಯದರಲ್ಲಿ ಅವು ಇರಲಿಲ್ಲ. ನಡುವಿನ ಹತ್ತು ವರ್ಷದಲ್ಲಿ ಆ ಊರುಗಳ ಜನ ಎಲ್ಲಿಗೂ ಹೋಗಿರಲಿಲ್ಲ. ಹೊಲ, ಬಾವಿ, ಸಂತೆ, ಬೀಗರ ಮನೆ ಎಲ್ಲ ಇದ್ದಲ್ಲೇ ಇದ್ದವು.

ಔರಾದ್ ತಾಲ್ಲೂಕಿನ ಎಕಂಬಾದಂಥ ಗಡಿಯಂಚಿನ ಊರಿನ ಚರಿತ್ರೆಯನ್ನೂ ಜನಸಂಖ್ಯೆಯನ್ನೂ ಒಟ್ಟಿಗೆ ಓದಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಇದು. ನಮ್ಮಲ್ಲಿ ಚರಿತ್ರೆ ಬರೆಯುವವರು ಕೋಟೆ, ಮದರಸಾ, ಅನುಭವ ಮಂಟಪದ ಮುಂದೆ ನಿಲ್ಲುತ್ತಾರೆ. ಅಂಕಿಅಂಶ ಬರೆಯುವವರು ಕೋಷ್ಟಕದ ಮುಂದೆ ನಿಲ್ಲುತ್ತಾರೆ. ಇವೆರಡನ್ನೂ ಜೋಡಿಸದೆ ಬೀದರ್, ಭಾಲ್ಕಿ, ಔರಾದಿನ ಹಳ್ಳಿಗಳ ಬಾಳು ಅರ್ಥವಾಗುವುದಿಲ್ಲ. ಇಲ್ಲಿ ಪ್ರತಿಯೊಂದು ಸಂಖ್ಯೆಗೂ ಎರಡು ಪ್ರಶ್ನೆ ಹಾಕಲೇಬೇಕು. ಈ ಲೆಕ್ಕ ಯಾವ ಗಡಿಯೊಳಗಿನದು? ಲೆಕ್ಕ ಬರೆದ ದಿನ ಊರಲ್ಲಿ ಯಾರಿದ್ದರು, ಯಾರಿರಲಿಲ್ಲ?

ಕಪ್ಪು ನೆಲ, ಕೆಂಪು ಕಲ್ಲು, ಮಾಂಜ್ರಾ ನದಿ

ಕರ್ನಾಟಕದ ಬಹುಪಾಲು ನೀರು ಕೃಷ್ಣೆ, ಕಾವೇರಿಗಳಿಗೆ ಅಥವಾ ಪಡುವಣ ಕಡಲಿಗೆ ಹರಿಯುತ್ತದೆ. ರಾಜ್ಯದ ಈ ಬಡಗಣ ತುದಿಯ ನೀರಿನಲ್ಲಿ ಹೆಚ್ಚಿನದು ಗೋದಾವರಿಯ ಪಾಲು. ಮಾಂಜ್ರಾ ನದಿ ಮಹಾರಾಷ್ಟ್ರದಿಂದ ಬಂದು ಭಾಲ್ಕಿ, ಔರಾದ್, ಬೀದರ್ ಸೀಮೆಗಳನ್ನು ಹಾದು ತೆಲಂಗಾಣಕ್ಕೆ ಇಳಿದು ಗೋದಾವರಿಯನ್ನು ಸೇರುತ್ತದೆ. ಅದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಅಲ್ಲಿಂದ ಬಡಗಕ್ಕೆ ಇಳಿದು ನದಿ ದಾಟಿ ಔರಾದ್ ಕಡೆಗೆ ನಡೆದರೆ ನೆಲ ಕಪ್ಪಾಗುತ್ತದೆ. ಹೆಸರು, ಉದ್ದು, ತೊಗರಿ, ಜೋಳ ಬೆಳೆಯುವ ಎರೆಭೂಮಿ ಅದು. ಈಚಿನ ದಶಕಗಳಲ್ಲಿ ಸೋಯಾ ಅವರೆ ಈ ಹೊಲಗಳನ್ನು ತುಂಬಿದೆ. ರಾಜ್ಯದಲ್ಲಿ ಸೋಯಾ ಅತಿ ಹೆಚ್ಚು ಬೆಳೆಯುವ ಜಿಲ್ಲೆ ಇದೇ. ದೇವಣಿ ತಳಿಯ ದನಗಳ ತವರೂ ಇದೇ ಸೀಮೆ. ಔರಾದಿನ ಅಮರೇಶ್ವರ ಜಾತ್ರೆಗೆ ಎತ್ತು, ಹೋರಿ ಕೊಳ್ಳಲು ಬರುವ ರೈತರು ಯಾವ ರಾಜ್ಯದವರೆಂದು ಯಾರೂ ಕೇಳುವುದಿಲ್ಲ.

ಎರೆಭೂಮಿ ಮಳೆಯನ್ನು ನಂಬಿದೆ. ಮಳೆ ಬಂದರೆ ಅನ್ನ, ತಪ್ಪಿದರೆ ಗುಳೆ. ಈ ನಾಡಿನ ಜನಸಂಖ್ಯೆಯ ಏರಿಳಿತಕ್ಕೆ ಅರಸರಿಗಿಂತ ದೊಡ್ಡ ಕಾರಣ ಮಳೆಯೇ.

ಬಂದವರು, ನೆಲೆ ನಿಂತವರು

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ (ಇಂದಿನ ಬಸವಕಲ್ಯಾಣ) ತಂದ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರನ್ನು ಹುಡುಕಿಕೊಂಡು ಊರೂರಿನ ಕಾಯಕಜೀವಿಗಳು ಇದೇ ಕಲ್ಯಾಣಕ್ಕೆ ನಡೆದು ಬಂದರು. ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿದ ಮೇಲೆ ಇಲ್ಲಿಗೆ ಇರಾನ್, ಮಧ್ಯ ಏಷ್ಯಾ, ಆಫ್ರಿಕಾಗಳಿಂದ ಜನ ಬಂದರು. 1472ರಲ್ಲಿ ಮುಗಿದ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕ್ಯಾಸ್ಪಿಯನ್ ಕಡಲ ಬದಿಯ ಗಿಲಾನಿನವನು. ಗುರು ನಾನಕರು ಬಂದರೆಂದು ನಂಬುವ ಝಿರಾ ಎಂಬ ನೀರಿನ ಬುಗ್ಗೆ ಇಲ್ಲಿದೆ. ಖಾಲ್ಸಾ ಪಂಥದ ಐವರು ಮೊದಲಿಗರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಬೀದರಿನವರು. ದಂಡಿನ ಹಿಂದೆ ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಬಡಗಣ ಸೀಮೆಯಿಂದ ಬಂದ ಲಂಬಾಣಿಗರು ತಾಂಡಾ ಕಟ್ಟಿಕೊಂಡು ಉಳಿದರು. ಅಷ್ಟೂರಿನ ಗುಮ್ಮಟದಲ್ಲಿ ಮಲಗಿರುವ ಅಹಮದ್ ಷಾನನ್ನು ಮುಸ್ಲಿಮರು ವಲಿ ಎಂದು ನೆನೆದರೆ, ಲಿಂಗಾಯತರು ಅಲ್ಲಮಪ್ರಭುವಿನ ಹೆಸರಿನಲ್ಲಿ ಕೈಮುಗಿಯುತ್ತಾರೆ.

ರಾಜಧಾನಿಯ ಈ ವೈಭವದ ಪಕ್ಕದಲ್ಲಿ ಹಳ್ಳಿಗಳು ಹೇಗಿದ್ದವು? ರಷ್ಯಾದ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ. ನಾಡು ಜನರಿಂದ ತುಂಬಿದೆ, ಸರದಾರರು ಸಿರಿಯಲ್ಲಿ ಮುಳುಗಿದ್ದಾರೆ, ಹಳ್ಳಿಯವರು ಕಡುಬಡತನದಲ್ಲಿದ್ದಾರೆ ಎಂಬ ಅರ್ಥದ ಮಾತು ಅವನ ಪ್ರವಾಸಕಥನದಲ್ಲಿದೆ. ತಲೆ ಎಣಿಸುವ ಪದ್ಧತಿ ಇಲ್ಲದ ಕಾಲದಲ್ಲಿ ಈ ಸೀಮೆಯ ಜನರ ಬಗ್ಗೆ ಪರದೇಶಿಯೊಬ್ಬ ಬರೆದಿಟ್ಟ ಸಾಕ್ಷ್ಯ ಇದು. ಆತ ಕಂಡ ಅಂತರ ಐದೂವರೆ ಶತಮಾನದ ನಂತರವೂ ಮುಚ್ಚಿಲ್ಲ.

ನಿಜಾಮರ ಕಾಲ: ಬರ, ಜ್ವರ, ಜಹಗೀರು

ಬಹಮನಿಗಳ ಬಳಿಕ ಬೀದರ್ ಆಳಿದ ಬರೀದ್ ಷಾಹಿಗಳ ನಂತರ 1619ರಲ್ಲಿ ಬಿಜಾಪುರದವರು, 1657ರಲ್ಲಿ ಔರಂಗಜೇಬ, ಹದಿನೆಂಟನೆಯ ಶತಮಾನದಲ್ಲಿ ಆಸಫ್ ಜಾಹಿ ನಿಜಾಮರು ಈ ನೆಲವನ್ನು ಪಡೆದರು. ನಿಜಾಮರ ಆಳ್ವಿಕೆಯಲ್ಲಿ ಬೀದರ್ ಸೀಮೆಯ ಎಲ್ಲ ಹಳ್ಳಿಗಳೂ ಸರ್ಕಾರದ ಕೈಯಲ್ಲಿರಲಿಲ್ಲ. ಕಲ್ಯಾಣಿಯಲ್ಲಿ ನವಾಬರಿದ್ದರು. ಚಿಟಗುಪ್ಪದಂಥ ಕಡೆ ಪಾಯಗಾ ಜಹಗೀರುದಾರರಿದ್ದರು. ಊರಿಗೊಬ್ಬ ಒಡೆಯ, ಒಡೆಯನಿಗೊಂದು ಕಾನೂನು. ಶಾಲೆ, ರಸ್ತೆ, ನೀರಾವರಿಗಳು ಒಂದು ಊರಿಗೆ ಬಂದು ಪಕ್ಕದ ಊರಿಗೆ ಬಾರದಿರುವುದರ ಬೇರು ಈ ಹಂಚಿಕೆಯಲ್ಲೂ ಇದೆ.

ಜನಗಣತಿ ಆರಂಭವಾದ ಮೇಲೆ ಬರದ ಪೆಟ್ಟು ಅಂಕಿಯಲ್ಲೂ ಕಾಣತೊಡಗಿತು. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1891ರಲ್ಲಿ ಸುಮಾರು 1 ಕೋಟಿ 15 ಲಕ್ಷ ಇದ್ದದ್ದು 1901ಕ್ಕೆ 1 ಕೋಟಿ 11 ಲಕ್ಷಕ್ಕೆ ಇಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದೊಡ್ಡ ಬರಗಳು ಅದೇ ಹತ್ತು ವರ್ಷಗಳಲ್ಲಿ ಬಂದಿದ್ದವು. 1911ಕ್ಕೆ ಸಂಖ್ಯೆ ಚೇತರಿಸಿಕೊಂಡು 1 ಕೋಟಿ 33 ಲಕ್ಷ ದಾಟಿತು. 1921ಕ್ಕೆ ಮತ್ತೆ ಕುಸಿದು 1 ಕೋಟಿ 25 ಲಕ್ಷದ ಹತ್ತಿರ ನಿಂತಿತು. ಈ ಸಲದ ಕುಸಿತಕ್ಕೆ ದೊಡ್ಡ ಕಾರಣ 1918ರ ಇನ್‌ಫ್ಲುಯೆಂಜಾ. ಎಕಂಬಾದಂಥ ಊರುಗಳಲ್ಲಿ ಆಗ ಯಾರು ಸತ್ತರು ಎಂಬುದಕ್ಕೆ ಹೆಸರಿಲ್ಲ, ಸಂಸ್ಥಾನದ ಮೊತ್ತವಷ್ಟೇ ಉಳಿದಿದೆ. ಮೂವತ್ತು ವರ್ಷ ಕಳೆದರೂ ಸಂಸ್ಥಾನದ ಜನಸಂಖ್ಯೆ ಹತ್ತು ಲಕ್ಷದಷ್ಟೂ ಹೆಚ್ಚಲಿಲ್ಲ. ಹುಟ್ಟಿದಷ್ಟೇ ವೇಗದಲ್ಲಿ ಜನ ಸಾಯುತ್ತಿದ್ದ ಕಾಲ ಅದು.

ಇನ್ನೊಂದು ಕೊರತೆ ಅಕ್ಷರದ್ದು. 1880ರ ದಶಕದಲ್ಲಿ ಆಡಳಿತ ಪರ್ಷಿಯನ್ನಿನಿಂದ ಉರ್ದುವಿಗೆ ಬದಲಾಯಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ಕನ್ನಡ, ಮರಾಠಿ, ತೆಲುಗು ಮಾತನಾಡುವ ಹಳ್ಳಿಯ ಮಗುವಿಗೆ ಶಾಲೆಯ ಭಾಷೆ ಮನೆಯದಾಗಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಈ ಗೋಡೆಯನ್ನು ಒಡೆದವರು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಶಾಲೆಯ ಕಥೆ ಈ ಭಾಗದ ಪ್ರತಿ ಮನೆಗೂ ಗೊತ್ತು. 1999ರಲ್ಲಿ ಲಿಂಗೈಕ್ಯರಾಗುವ ವೇಳೆಗೆ ನೂರು ದಾಟಿದ್ದ ಆ ಹಿರಿಯರು ಹುಟ್ಟಿದ್ದು ಆಗಿನ ಔರಾದ್ ಸೀಮೆಯ ಕಮಲನಗರದಲ್ಲಿ. ಗಡಿನಾಡಿನಲ್ಲಿ ಇಂದು ಕನ್ನಡ ಓದು ಬರಹ ಬಲ್ಲವರನ್ನು ಎಣಿಸುವಾಗ ಆ ಸಂಖ್ಯೆಯ ಅಡಿಪಾಯದಲ್ಲಿ ಅಂಥವರ ಬೆವರು ಇದೆ ಎಂಬುದನ್ನು ಮರೆಯಬಾರದು.

1948: ಲೆಕ್ಕ ಮುಗಿಯದ ವರ್ಷ

ಸ್ವಾತಂತ್ರ್ಯ ಬಂದು ವರ್ಷವಾದರೂ ಬೀದರಿಗೆ ಅದು ತಲುಪಿರಲಿಲ್ಲ. ನಿಜಾಮರ ಪರ ನಿಂತ ರಜಾಕಾರರ ಹಾವಳಿಗೆ ಸಿಕ್ಕ ಹಳ್ಳಿಗಳಲ್ಲಿ ಗೋರ್ಟಾದ ಹೆಸರು ಇಂದಿಗೂ ಎದೆ ನಡುಗಿಸುತ್ತದೆ. 1948ರ ಮೇ ತಿಂಗಳಲ್ಲಿ ಅಲ್ಲಿ ನಡೆದ ಕೊಲೆಗಳ ನೆನಪಿಗೆ ಸ್ಮಾರಕ ನಿಂತಿದೆ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು, 17ರಂದು ನಿಜಾಮರು ಶರಣಾದರು. ವಿಮೋಚನೆಯ ಆ ದಿನವನ್ನು ನಾವು ಪ್ರತಿ ವರ್ಷ ಆಚರಿಸುತ್ತೇವೆ.

ಆಮೇಲಿನ ವಾರಗಳನ್ನೂ ಚರಿತ್ರೆ ಬರೆದಿಟ್ಟಿದೆ. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಹಳ್ಳಿಹಳ್ಳಿ ತಿರುಗಿ ನೋಡಿ, ಸೇಡಿನ ಹಿಂಸೆಯಲ್ಲಿ ಸಂಸ್ಥಾನದಾದ್ಯಂತ ಕಡಿಮೆಯೆಂದರೂ 27 ಸಾವಿರ ಮಂದಿ ಸತ್ತಿದ್ದಾರೆ ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಕಲಬುರಗಿ, ಬೀದರ್ ಮತ್ತು ನಾಂದೇಡ. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಗೋರ್ಟಾದ ಸಾವನ್ನು ನೆನೆಯುವವರು ಈ ಸಾವನ್ನೂ ನೆನೆಯಬೇಕು, ಇದನ್ನು ನೆನೆಯುವವರು ಗೋರ್ಟಾವನ್ನು ಮರೆಯಬಾರದು. ಒಂದೇ ಬಾವಿಯ ನೀರು ಕುಡಿದವರು ಸತ್ತಾಗ ಒಂದು ಕಡೆಯ ಹೆಣಗಳನ್ನು ಮಾತ್ರ ಎಣಿಸುವುದು ಚರಿತ್ರೆಗೂ ದ್ರೋಹ, ಊರಿಗೂ ದ್ರೋಹ.

1956: ಹೆಸರು ಉಳಿಯಿತು, ನೆಲ ಹಂಚಿಹೋಯಿತು

ರಾಜ್ಯ ಪುನರ್ವಿಂಗಡಣೆ ಕಾಯಿದೆ 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿತು. ಅಹಮದಪುರ, ನಿಲಂಗಾ, ಉದಗೀರ್ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಅವು ಇಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿವೆ. ನಾರಾಯಣಖೇಡ್ ತಾಲ್ಲೂಕು, ನಿರ್ಣಾ ವೃತ್ತ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಮತ್ತು ಬೀದರ್ ತಾಲ್ಲೂಕಿನದೇ ಆದ ನ್ಯಾಲಕಲ್ ವೃತ್ತ ಆಂಧ್ರಪ್ರದೇಶಕ್ಕೆ ಸೇರಿದವು. ಅವು ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಮುಂದೆ ಬಸವಕಲ್ಯಾಣವೂ ಬೇರೆ ತಾಲ್ಲೂಕಾಯಿತು.

ಗೆರೆ ಎಳೆದದ್ದು ಭಾಷೆಯ ಆಧಾರದ ಮೇಲೆ. ಆದರೆ ಮಾಂಜ್ರಾ ದಂಡೆಯ ಭಾಷೆಗಳು ಗೆರೆ ಎಳೆದು ಬೇರ್ಪಡಿಸಲು ಬರುವಂಥವಲ್ಲ. ಇಲ್ಲಿನ ಹೆಂಗಸು ತವರಲ್ಲಿ ಮರಾಠಿ, ಗಂಡನ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಮಾತನಾಡುತ್ತಾಳೆ. ತಾಂಡಾದವರ ಮನೆಮಾತು ಬೇರೆಯೇ. ಔರಾದಿನ ಅನೇಕ ಊರುಗಳಲ್ಲಿ ಮರಾಠಿ ಮನೆಮಾತಿನವರು ಹೆಚ್ಚಿದ್ದಾರೆ, ಸರ್ಕಾರಿ ಮರಾಠಿ ಶಾಲೆಗಳೂ ಇವೆ. ಗೆರೆಯ ಆಚೆ ಉದಗೀರ್, ದೇಗಲೂರು ಕಡೆ, ಇತ್ತ ಜಹೀರಾಬಾದ್, ನಾರಾಯಣಖೇಡ್ ಕಡೆ ಕನ್ನಡ ಮಾತನಾಡುವ ಮನೆಗಳು ಉಳಿದಿವೆ. ಬೀದರ್, ಭಾಲ್ಕಿ ಸೇರಿದ ಸಂಯುಕ್ತ ಮಹಾರಾಷ್ಟ್ರದ ಘೋಷಣೆ ಹಳೆಯದು. ಎರಡು ರಾಜ್ಯಗಳ ಗಡಿವಿವಾದ ಬಿಡಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟರೂ ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಆ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 865 ಊರುಗಳು ತನಗೆ ಬೇಕೆಂಬ ನಿರ್ಣಯವನ್ನು 2022ರ ಡಿಸೆಂಬರಿನಲ್ಲಿ ಅಲ್ಲಿನ ವಿಧಾನಮಂಡಲ ಮತ್ತೆ ಅಂಗೀಕರಿಸಿತು. ಜನಗಣತಿಯ ಮಾತೃಭಾಷೆಯ ಕಲಮು ಇಂಥ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ಬಳಕೆಯಾಗುತ್ತದೆ. ಮನೆಯಲ್ಲಿ ಮೂರು ಭಾಷೆ ಆಡುವವರಿಗೆ ಒಂದನ್ನೇ ಬರೆಸು ಎನ್ನುವ ಆ ಕಲಮಿನಲ್ಲಿ ಗಡಿನಾಡಿನ ನಿಜ ಅರ್ಧ ಮಾತ್ರ ಹಿಡಿಯುತ್ತದೆ.

ಆರು ಗಣತಿಗಳ ಕಥೆ

ಗಡಿ ಸ್ಥಿರವಾದ ಮೇಲೆ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು. ಬೀದರ್ ಜಿಲ್ಲೆಯ ಜನಸಂಖ್ಯೆ 1961ರಲ್ಲಿ 6.63 ಲಕ್ಷ. 1971ರಲ್ಲಿ 8.24 ಲಕ್ಷ, 1981ರಲ್ಲಿ 9.96 ಲಕ್ಷ, 1991ರಲ್ಲಿ 12.56 ಲಕ್ಷ, 2001ರಲ್ಲಿ 15.02 ಲಕ್ಷ, 2011ರಲ್ಲಿ 17.03 ಲಕ್ಷ. ಐವತ್ತು ವರ್ಷದಲ್ಲಿ ಎರಡೂವರೆ ಪಟ್ಟು. 5,448 ಚದರ ಕಿಲೋಮೀಟರಿನ ಜಿಲ್ಲೆಯಲ್ಲಿ 2011ರಲ್ಲಿ ಚದರ ಕಿಲೋಮೀಟರಿಗೆ 313 ಮಂದಿ ಇದ್ದರು. ರಾಜ್ಯದ ಸರಾಸರಿ 319.

ಈ ಸಾಲಿನಲ್ಲಿ ಒಂದು ತಿರುವು ಇದೆ. 1981–91ರಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ 21ರಷ್ಟು ಬೆಳೆದರೆ ಬೀದರ್ 26ರಷ್ಟು ಬೆಳೆಯಿತು. ಮುಂದಿನ ದಶಕದಲ್ಲೂ ರಾಜ್ಯದ 17.5ರ ಎದುರು ಬೀದರಿನದು 19.6. ಆದರೆ 2001–11ರಲ್ಲಿ ರಾಜ್ಯ 15.6ರಷ್ಟು ಬೆಳೆದಾಗ ಬೀದರ್ 13.4ಕ್ಕೆ ನಿಂತಿತು. ರಾಜ್ಯಕ್ಕಿಂತ ಮುಂದೆ ಓಡುತ್ತಿದ್ದ ಜಿಲ್ಲೆ ಹಿಂದೆ ಬಿತ್ತು. ಇದಕ್ಕೆ ಕಾರಣ ಎರಡು. ಒಂದು ಸಂತಸದ್ದು: ಹುಡುಗಿಯರು ಶಾಲೆಗೆ ಹೋದರು, ಮಕ್ಕಳ ಸಂಖ್ಯೆ ಇಳಿಯಿತು. ಜಿಲ್ಲೆಯ ಸಾಕ್ಷರತೆ 1991ರಲ್ಲಿ ನೂರಕ್ಕೆ 45 ಇದ್ದದ್ದು 2001ಕ್ಕೆ 61ಕ್ಕೆ, 2011ಕ್ಕೆ 70.5ಕ್ಕೆ ಏರಿತು. ಆದರೂ 2011ರಲ್ಲಿ ಗಂಡಸರಲ್ಲಿ ನೂರಕ್ಕೆ 79 ಮಂದಿ ಅಕ್ಷರಸ್ಥರಾದರೆ ಹೆಂಗಸರಲ್ಲಿ 62ಕ್ಕೂ ಕಡಿಮೆ. ಸಾವಿರ ಗಂಡಸರಿಗೆ 956 ಹೆಂಗಸರು, ರಾಜ್ಯದಲ್ಲಿ 973. ಎರಡನೆಯ ಕಾರಣ ಮನೆಗೆ ಬಿದ್ದ ಬೀಗ. ಅದನ್ನು ಮುಂದೆ ನೋಡೋಣ.

ಜನರ ಬಗೆಯನ್ನೂ ನೋಡಬೇಕು. ನಾಲ್ವರಲ್ಲಿ ಮೂವರು ಇನ್ನೂ ಹಳ್ಳಿಯವರು. ನೂರರಲ್ಲಿ 23ಕ್ಕೂ ಹೆಚ್ಚು ಪರಿಶಿಷ್ಟ ಜಾತಿಯವರು, ಸುಮಾರು 14 ಪರಿಶಿಷ್ಟ ಪಂಗಡದವರು. ಐವರಲ್ಲಿ ಒಬ್ಬರು ಮುಸ್ಲಿಮರು. ಭೂಮಿ ಕಡಿಮೆ ಇರುವ ಅಥವಾ ಇಲ್ಲದ ಮನೆಗಳು ಇಲ್ಲಿ ಎಷ್ಟು ಎಂಬುದಕ್ಕೆ ಈ ಅಂಕಿಗಳೇ ಸುಳಿವು ಕೊಡುತ್ತವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ 21 ಕಲಬುರಗಿ ವಿಭಾಗದಲ್ಲಿದ್ದವು, ಔರಾದ್ ಅವುಗಳಲ್ಲೊಂದು. ಈ ಭಾಗದ ಜನರ ಹೋರಾಟದಿಂದ ಇಲ್ಲಿಗೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು.

ಬೀಗ ಹಾಕಿದ ಮನೆಗಳು

ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್, ಹೈದರಾಬಾದ್ 150ರೊಳಗೆ. ಔರಾದಿನ ಹುಡುಗ ಕೆಲಸ ಹುಡುಕಿ ಯಾವ ಕಡೆ ಬಸ್ಸು ಹತ್ತುತ್ತಾನೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಹೈದರಾಬಾದ್, ಪುಣೆ, ಮುಂಬೈಗಳ ಕಟ್ಟಡಗಳಲ್ಲಿ ಈ ನೆಲದ ಬೆವರು ಬೆರೆತಿದೆ. ದಸರೆ ಮುಗಿದ ಮೇಲೆ ತಾಂಡಾಗಳಿಂದ ಕಬ್ಬು ಕಡಿಯಲು ಜೋಡಿಜೋಡಿಯಾಗಿ ಗಂಡ ಹೆಂಡತಿ ಹೊರಡುತ್ತಾರೆ. ಮುಂಗಡ ಮೊದಲೇ ಖರ್ಚಾಗಿರುತ್ತದೆ. "ಊರಾಗ ಯಾರದಾರ್ರೀ, ಎಲ್ಲಾ ದುಡಿಲಾಕ ಹೋಗ್ಯಾರ" ಎಂಬ ಮುದುಕಿಯರ ಮಾತು ಚಳಿಗಾಲದುದ್ದಕ್ಕೂ ಕೇಳುತ್ತದೆ.

2011ರ ಗಣತಿಯಲ್ಲಿ ತಲೆ ಎಣಿಸಿದ್ದು ಫೆಬ್ರುವರಿ 9ರಿಂದ 28ರವರೆಗೆ. ಕಾರ್ಖಾನೆಗಳು ಕಬ್ಬು ಅರೆಯುವ, ಗುಳೆ ಹೋದವರು ಹಿಂತಿರುಗದ ಕಾಲ ಅದು. ಎಣಿಕೆಯ ಅವಧಿ ಪೂರ್ತಿ ಊರಲ್ಲಿರದವರನ್ನು ಇದ್ದಲ್ಲೇ ಎಣಿಸಬೇಕೆಂಬುದು ನಿಯಮ. ಕಬ್ಬಿನ ಗದ್ದೆಯ ಗುಡಿಸಿಲಿಗೆ ಎಣಿಕೆದಾರ ತಲುಪಿದರೆ ಅವರು ಬೇರೆ ಜಿಲ್ಲೆಯವರಾಗುತ್ತಾರೆ. ತಲುಪದಿದ್ದರೆ ಎಲ್ಲಿಯವರೂ ಆಗುವುದಿಲ್ಲ. ಅಂಗನವಾಡಿ, ಶಾಲೆ, ಪಡಿತರ, ಪಂಚಾಯ್ತಿ ಅನುದಾನ ಎಲ್ಲಕ್ಕೂ ಆಧಾರ ಅದೇ ಸಂಖ್ಯೆ. 2020ರ ಲಾಕ್‌ಡೌನಿನಲ್ಲಿ ಮುಂಬೈ, ಪುಣೆ, ಹೈದರಾಬಾದಿನಿಂದ ಜನ ಮರಳಿದಾಗ ಊರ ಶಾಲೆಗಳು ಕ್ವಾರಂಟೈನ್ ಕೇಂದ್ರಗಳಾದವು. ಯಾವ ಕೋಷ್ಟಕದಲ್ಲೂ ಸರಿಯಾಗಿ ಕಾಣದಿದ್ದ ಊರಿನ ಇನ್ನೊಂದು ಪಾಲು ಆಗ ಒಮ್ಮೆಲೇ ಕಣ್ಣೆದುರು ಬಂದು ನಿಂತಿತು.

ಅಮೆರಿಕದ ಹಳ್ಳಿಗಾಡಿನ ಕೌಂಟಿಗಳ ಸ್ಥಿತಿ ಹೋಲಿಕೆಗೆ ಒದಗುತ್ತದೆ. ಅಲ್ಲಿನ ಬಯಲುಸೀಮೆಯ ಅನೇಕ ಕೌಂಟಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತುಂಬಿ, ಯಂತ್ರ ಬಂದಂತೆ ಬರಿದಾಗುತ್ತ ಹೋದವು.  ಅಲ್ಲಿಂದ ಹೋದವರು ಹೊಲ ಮಾರಿ ಹೋದರು, ತಿರುಗಿ ಬರಲಿಲ್ಲ. ಗಡಿಗಳು ಹೆಚ್ಚು ಬದಲಾಗದೆ ಉಳಿದದ್ದರಿಂದ ಆ ಇಳಿಕೆ ಕೋಷ್ಟಕದಲ್ಲಿ ನೇರವಾಗಿ ಕಾಣುತ್ತದೆ. ಔರಾದಿನವರು ಹೋಗುತ್ತಾರೆ, ಬಿತ್ತಲು ಬರುತ್ತಾರೆ, ಜಾತ್ರೆಗೆ ಬರುತ್ತಾರೆ, ಮಣ್ಣಿಗೂ ಬರುತ್ತಾರೆ. ನಮ್ಮ ಹಳ್ಳಿ ಬರಿದಾಗಿಲ್ಲ, ಎರಡು ಕಡೆ ಹಂಚಿಹೋಗಿದೆ. ಅದನ್ನು ಒಂದೇ ಕಡೆ ಎಣಿಸುವ ಪದ್ಧತಿ ಅದಕ್ಕೆ ನ್ಯಾಯ ಮಾಡಲಾರದು.

ಬರುವ ಗಣತಿ

2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನವೆಂದು ಪ್ರಕಟವಾಗಿದೆ, ಜಾತಿಯನ್ನೂ ಅದರಲ್ಲಿ ಬರೆಯಲಿದ್ದಾರೆ. 2018ರಲ್ಲಿ ಕಮಲನಗರ, ಹುಲಸೂರು, ಚಿಟಗುಪ್ಪ ಹೊಸ ತಾಲ್ಲೂಕುಗಳಾದವು. ಕಮಲನಗರ ಬೇರೆಯಾದದ್ದು ಔರಾದಿನಿಂದ. ಹಾಗಾಗಿ ಹೊಸ ಗಣತಿಯ ಔರಾದಿನ ಸಂಖ್ಯೆ 2011ರದಕ್ಕಿಂತ ಬಹಳ ಕಡಿಮೆ ಕಾಣಲಿದೆ. ಔರಾದಿನಲ್ಲಿ ಜನ ಕುಸಿದರು ಎಂಬ ಮಾತು ಆಗ ಹುಟ್ಟದಿರಲು ಎರಡೂ ತಾಲ್ಲೂಕುಗಳ ಮೊತ್ತವನ್ನು ಹಳೆಯ ಸಂಖ್ಯೆಯ ಪಕ್ಕ ಇಟ್ಟು ಓದಬೇಕು. 1951 ಮತ್ತು 1961ರ ನಡುವೆ ಆದ ಗೊಂದಲ ಮತ್ತೆ ಆಗಬಾರದು.

ಹಾಗೆಯೇ ಪಂಚಾಯ್ತಿ, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರು ಸೇರಿ, ತಲೆ ಎಣಿಸುವ ಫೆಬ್ರುವರಿಗೆ ಮೊದಲೇ ಒಂದು ಕೆಲಸ ಮಾಡಬಹುದು. ಬೀಗ ಹಾಕಿದ ಪ್ರತಿ ಮನೆಯ ಬಗ್ಗೆ ಇವರು ಯಾರು, ಎಷ್ಟು ಮಂದಿ, ಎಲ್ಲಿಗೆ ಹೋದರು, ಯಾವಾಗ ಬರುತ್ತಾರೆ ಎಂದು ಊರವರನ್ನೇ ಕೇಳಿ ಬರೆದಿಡಬಹುದು. ಸರ್ಕಾರದ ಗಣತಿಯನ್ನು ಅದು ಬದಲಿಸುವುದಿಲ್ಲ. ಆದರೆ ಶಾಲೆ ಮುಚ್ಚಲು, ಅಂಗನವಾಡಿ ಕಡಿತಗೊಳಿಸಲು ಯಾರಾದರೂ ಕಡಿಮೆ ಸಂಖ್ಯೆಯನ್ನು ತೋರಿಸಿದ ದಿನ, ಊರು ತನ್ನ ಪುಸ್ತಕ ತೆರೆದು ತೋರಿಸಬಹುದು. 1918ರಲ್ಲಿ ಸತ್ತವರ ಹೆಸರು ಎಕಂಬಾಕ್ಕೆ ಉಳಿಯಲಿಲ್ಲ, ಬರೆದಿಡುವವರು ಇರಲಿಲ್ಲ. ಈಗ ಬರೆಯಬಲ್ಲವರು ಪ್ರತಿ ಮನೆಯಲ್ಲಿದ್ದಾರೆ.